ಮಗುವಿನ ಓದಿಗೆ ಮನೆಯವರ ಕಿವಿ

ಮನೆಯಲ್ಲಿ ಓದಬಲ್ಲವರಿಲ್ಲ, ಆದುದರಿಂದ ಮಗುವಿಗೆ ಓದು ಹತ್ತಲಿಲ್ಲವೆಂಬ ಮಾತನ್ನು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿಯೂ ನಿಪ್ಪಾಣಿಯ ಓಣಿಗಳಲ್ಲಿಯೂ ಪಾಲಕರು ಆಡುವುದುಂಟು. ನಾವು ಇದನ್ನು ಒಪ್ಪಲಾರೆವು. ಅಕ್ಷರ ಕಲಿಸುವ ಹೊಣೆ ಶಾಲೆಯದು. ಮನೆಯಲ್ಲಿ ಬೇಕಾದವರು ಇನ್ನೊಬ್ಬ ಮಾಸ್ತರರಲ್ಲ, ಕೂತು ಕೇಳುವವರು.

ನಿಪ್ಪಾಣಿಯ ತಾಯಂದಿರನ್ನೇ ನೋಡಿರಿ. ಮೊರವನ್ನು ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ತಂಬಾಕು ತುಂಬಿ ದಾರ ಸುತ್ತುವ ಅವರ ಕೈಗೂ ಕಣ್ಣಿಗೂ ಬಿಡುವಿಲ್ಲ; ಕಿವಿಗೆ ಮಾತ್ರ ಬಿಡುವುಂಟು. ಕೇರಳದ ಕಣ್ಣೂರಿನ ಬೀಡಿ ಕೆಲಸಗಾರರು ಈ ಬಿಡುವನ್ನೇ ಸಾರ್ಥಕ ಮಾಡಿಕೊಂಡರು. ಒಬ್ಬನು ವೃತ್ತಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದನು. ಉಳಿದವರು ಕೇಳುತ್ತ ಅವನ ಪಾಲಿನ ಬೀಡಿಯನ್ನೂ ತಾವೇ ಕಟ್ಟಿಕೊಡುತ್ತಿದ್ದರು. ಕ್ಯೂಬಾ ದೇಶದ ಹವಾನಾದ ಚುಟ್ಟಾ ಕಾರಖಾನೆಗಳಲ್ಲಿ ಈ ಪರಿಪಾಠವು 1865ರಿಂದಲೇ ಇದ್ದಿತು. ನಮ್ಮ ಮನೆಗಳಲ್ಲಿ ಆ ಓದುಗನ ಸ್ಥಾನವನ್ನು ಏಳೆಂಟು ವರ್ಷದ ಮಗುವಿಗೆ ಏಕೆ ಕೊಡಬಾರದು? ತಂಬಾಕಿನ ಧೂಳಿನಿಂದ ದೂರದಲ್ಲಿ ಕೂಡಿಸಿರಿ. ಓದಲಿಕ್ಕೆ ಕೂಡಿಸಿರಿ, ಬೀಡಿ ಕಟ್ಟಲಿಕ್ಕಲ್ಲ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆಗೂ ಇದೇ ಮಾತು ಸಲ್ಲುತ್ತದೆ.

ಕೇಳುವುದಕ್ಕೂ ಒಂದು ರೀತಿಯುಂಟು. ಒತ್ತಕ್ಷರದಲ್ಲಿ ಮಗು ಎಡವಿದೊಡನೆ ತಲೆಗೆ ಕುಟ್ಟುವ ಅಪ್ಪನಿಗಿಂತ ಅಕ್ಷರವರಿಯದ ಅಜ್ಜಿಯೇ ಮೇಲು. ಆಕೆಗೆ ತಪ್ಪು ಕಾಣಿಸುವುದಿಲ್ಲ, "ಮುಂದ ಏನಾತು?" ಎಂದಷ್ಟೇ ಕೇಳುತ್ತಾಳೆ. ಕಥೆ ಮುಂದೆ ಸಾಗಬೇಕಾದ್ದರಿಂದ ಮಗು ಎಡವಿದ ಸಾಲಿಗೆ ಮರಳಿ ಹೋಗಿ ತಾನೇ ತಿದ್ದಿಕೊಳ್ಳುತ್ತದೆ. ಒಂದೇ ಪುಸ್ತಕವನ್ನು ಹತ್ತು ಸಲ ಓದಿದರೂ ಬೇಸರಿಸಬೇಡಿರಿ.

ಗಡಿನಾಡಿನಲ್ಲಿ ಇನ್ನೊಂದು ಅಂಜಿಕೆಯುಂಟು. ಮನೆಮಾತು ಮರಾಠಿ, ಶಾಲೆಯ ಮಾತು ಕನ್ನಡವಾದರೆ ಮಗು ಎರಡನ್ನೂ ಕೆಡಿಸಿಕೊಳ್ಳುವುದೆಂದು ಅನೇಕರ ಭಾವನೆ. ಮುಂಬಯಿ ಇಲಾಖೆಯ ಕಾಲದಲ್ಲಿ ಈ ಭಾಗದ ಕನ್ನಡ ಮಕ್ಕಳಿಗೆ ಹಲವೆಡೆ ಮರಾಠಿ ಶಾಲೆಯೇ ಗತಿಯಾಗಿದ್ದುದನ್ನೂ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹೆಣಗಿದುದನ್ನೂ ನಾವು ಮರೆತಿಲ್ಲ. ಆದರೆ ಆ ಕಾಲದ ಸೇಡನ್ನು ಇಂದಿನ ಕೂಸಿನ ಮೇಲೆ ತೀರಿಸಿಕೊಳ್ಳುವುದು ಕನ್ನಡದ ಸೇವೆಯಲ್ಲ. ಎರಡೂ ನುಡಿಗಳ ಲಿಪಿ ಬೇರೆಯಾದರೂ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ. ಕ ಖ ಗ ಘ ಎಂದು ಕಿವಿ ಒಮ್ಮೆ ಪಳಗಿದರೆ ಕಣ್ಣು ಪಳಗುವುದಷ್ಟೇ ಉಳಿಯಿತು. ಕನ್ನಡ ಕಥೆಯನ್ನು ಓದಿದ ಮಗು ಅದನ್ನು ತನ್ನ ಆಯಿಗೆ ಮರಾಠಿಯಲ್ಲಿಯೇ ಹೇಳಲಿ. ಅರ್ಥವಾಯಿತೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ?

ಇಷ್ಟೆಲ್ಲ ಹೇಳಿಯೂ, ಓದಲು ಪುಸ್ತಕವೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಅನೇಕ ಮನೆಗಳಲ್ಲಿ ಅಂಕಲಿಪಿಯೊಂದನ್ನು ಬಿಟ್ಟರೆ ಮಗುವಿನ ಕೈಗೆ ಸಿಗುವುದು ಶಾಲೆಯ ಪುಸ್ತಕ ಮಾತ್ರ. ಸರಕಾರವು 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡಿಸಿತು. ಯೋಜನೆ ಒಳ್ಳೆಯದು. ಆದರೆ ಸದಸ್ಯತ್ವದ ಚೀಟಿಯನ್ನು ಮಗು ಓದಲಾಗುವುದಿಲ್ಲ. ಪುಸ್ತಕ ಮನೆಗೆ ಹೋಗಬೇಕು. ಕಬ್ಬಿನ ಹಂಗಾಮಿನಲ್ಲಿ ತಾಯಿ ತಂದೆಗಳು ಹೊಲದಿಂದ ಮರಳುವುದೇ ಕತ್ತಲೆಗೆ. ಆ ಹೊತ್ತಿಗೆ ಮಗುವಿನ ಕೈಯಲ್ಲಿ ಪುಸ್ತಕವಿರಬೇಕಾದರೆ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ಬಾಗಿಲು ತೆರೆದಿರಲೇಬೇಕು. ದೊಡ್ಡ ಅಕ್ಷರದ, ಚಿತ್ರವುಳ್ಳ ಕನ್ನಡ ಕಥೆಗಳನ್ನು ಕೊಳ್ಳುವುದಕ್ಕೆ ಪಂಚಾಯತಿಗಳು ಪ್ರತಿವರ್ಷ ಹಣ ತೆಗೆದಿಡಬೇಕು. ನಾಲ್ಕು ಪುಸ್ತಕ ಹರಿದರೆ ಹರಿಯಲಿ. ಬರುವ ಬೇಸಿಗೆಯ ಸೂಟಿಗಿಂತ ಮೊದಲೇ ಕಪಾಟಿನ ಕೀಲಿ ತೆಗೆಯಿರೆಂದು ಈ ಐದೂ ತಾಲೂಕುಗಳ ಪಂಚಾಯತಿ ಸದಸ್ಯರನ್ನು ನಾವು ಕೇಳಿಕೊಳ್ಳುತ್ತೇವೆ.