ಅಡಿಬರಹದ ಕರ್ತೃ ಯಾರು?

ಕಾರ್ಟೂನ್ ಎಂಬುದಕ್ಕೆ ಕನ್ನಡ ರೂಢಿಸಿಕೊಂಡಿರುವ 'ವ್ಯಂಗ್ಯಚಿತ್ರ' ಎಂಬ ಪದ ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ವಿರೋಧಾಭಾಸದಂತೆ ತೋರಬೇಕು. ಆನಂದವರ್ಧನನ ವಿಂಗಡಣೆಯಲ್ಲಿ ವ್ಯಂಗ್ಯಾರ್ಥದ ವಿವಕ್ಷೆಯಿಲ್ಲದ ರಚನೆಯೇ 'ಚಿತ್ರ'. ಒಂದಿದ್ದಲ್ಲಿ ಇನ್ನೊಂದು ಇರಲಾರದು. ಆದರೆ ಅಮೆರಿಕದ ಹಳೆಯ ಪತ್ರಿಕೆಗಳ ಒಂದೇ ಚೌಕಟ್ಟಿನ ನಗೆಚಿತ್ರಗಳನ್ನು ನೋಡಿದಾಗ, ಈ ಪದವನ್ನು ಟಂಕಿಸಿದವರು ತಿಳಿದೋ ತಿಳಿಯದೆಯೋ ವಿಷಯದ ಮರ್ಮವನ್ನೇ ಹಿಡಿದಿದ್ದಾರೆ ಎನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ನಗೆಪತ್ರಿಕೆಗಳಲ್ಲಿ ಚಿತ್ರದ ಕೆಳಗೆ ಇಬ್ಬರ ಸಂಭಾಷಣೆಯೇ ಅಚ್ಚಾಗುತ್ತಿತ್ತು. ಚಿತ್ರವನ್ನು ತೆಗೆದರೂ ನಗೆಗೆ ಹಾನಿಯಿರಲಿಲ್ಲ. 1925ರಲ್ಲಿ ಹೆರಾಲ್ಡ್ ರಾಸ್ ಸ್ಥಾಪಿಸಿದ 'ನ್ಯೂಯಾರ್ಕರ್' ಒಂದೇ ಸಾಲಿನ ಅಡಿಬರಹವನ್ನು ಮೊದಲು ಕಂಡುಹಿಡಿಯಿತು ಎನ್ನಲಾಗದು. ಅದನ್ನೊಂದು ಶಿಸ್ತಾಗಿಸಿತು ಎನ್ನಬಹುದು. ಚಿತ್ರಗಳನ್ನು ಆರಿಸುವ ಸಭೆಯಲ್ಲಿ ಮಾತನಾಡುತ್ತಿರುವವರು ಯಾರು ಎಂದು ರಾಸ್ ಪದೇ ಪದೇ ಕೇಳುತ್ತಿದ್ದನಂತೆ. ವ್ಯಂಗ್ಯಾರ್ಥದ ಪ್ರತೀತಿಗೆ ಕಾರಣವಾದವುಗಳನ್ನು ಎಣಿಸುವಾಗ ಮಮ್ಮಟನೂ ಮೊದಲು ಹೆಸರಿಸುವುದು ವಕ್ತೃವನ್ನೇ!

ಪೀಟರ್ ಆರ್ನೊ 1941ರಲ್ಲಿ ರಚಿಸಿದ ಚಿತ್ರವೊಂದಿದೆ. ವಿಮಾನ ನೆಲಕ್ಕಪ್ಪಳಿಸಿದೆ, ಜನ ಅತ್ತ ಓಡುತ್ತಿದ್ದಾರೆ. ವಿನ್ಯಾಸಕಾರನೊಬ್ಬ ಮಾತ್ರ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಇತ್ತ ನಡೆದುಬರುತ್ತಿದ್ದಾನೆ. ಮತ್ತೆ ನಕ್ಷೆಯ ಹಲಗೆಗೇ ಮರಳಬೇಕಾಯಿತು ಎಂಬುದು ಅವನ ಮಾತಿನ ತಾತ್ಪರ್ಯ. ಸಾಲನ್ನಷ್ಟೇ ಓದಿದರೆ ಕಚೇರಿಯ ಸಾಧಾರಣ ಮಾತು. ಚಿತ್ರವನ್ನಷ್ಟೇ ನೋಡಿದರೆ ಅಪಘಾತ. ಆ ಮನುಷ್ಯನ ನಿರ್ಲಿಪ್ತತೆ ಇವೆರಡರಲ್ಲಿ ಯಾವುದರಲ್ಲಿಯೂ ವಾಚ್ಯವಾಗಿಲ್ಲ. ಮುಂದೆ ಆ ನುಡಿ ಇಂಗ್ಲಿಷಿನ ಬಳಕೆಮಾತಾಯಿತು. ಇಂದು ಅದನ್ನಾಡುವವರಿಗೆ ವಿಮಾನದ ನೆನಪಿಲ್ಲ. ಲಕ್ಷಣೆ ರೂಢಿಗಿಳಿಯುವುದಕ್ಕೆ ಇಷ್ಟು ಖಚಿತವಾದ ಕಾಲನಿರ್ದೇಶವುಳ್ಳ ಉದಾಹರಣೆ ತರಗತಿಯಲ್ಲಿ ಸುಲಭವಾಗಿ ಸಿಗದು.

ನಮ್ಮ ಸಂಶೋಧನಾಕ್ರಮಕ್ಕೆ ನಿಜವಾದ ತೊಡಕು ಕರ್ತೃತ್ವದ್ದು. ತಟ್ಟೆಯಲ್ಲಿರುವುದು ಬ್ರಾಕೊಲಿ ಎಂದು ತಾಯಿ ಹೇಳಿದರೂ ಒಪ್ಪದ ಮಗುವಿನ ಚಿತ್ರ 1928ರದು. ಬರೆದವನು ಕಾರ್ಲ್ ರೋಸ್. ಮಗುವಿನ ಮಾತು ಇ. ಬಿ. ವೈಟ್‌ನದು. ಹೆಲೆನ್ ಹೊಕಿನ್ಸನ್‌ಳ ಪ್ರೌಢ ಗೃಹಿಣಿಯರಿಗೆ ವರ್ಷಗಟ್ಟಲೆ ಮಾತು ಒದಗಿಸಿದವನು ಜೇಮ್ಸ್ ರೀಡ್ ಪಾರ್ಕರ್. ಚಿತ್ರದಲ್ಲಿ ಕಾಣುವುದು ಚಿತ್ರಕಾರರ ಸಹಿ ಮಾತ್ರ. ಇನ್ನೂ ವಿಚಿತ್ರವಾದುದು 1932ರ ಸಂಗತಿ. ಕತ್ತಿವರಸೆಯಲ್ಲಿ ಎದುರಾಳಿಯ ತಲೆಯೇ ಹಾರಿಹೋಗುವ ಕಲ್ಪನೆ ರೋಸ್‌ನದು. ಅವನ ವಾಸ್ತವಿಕ ರೇಖೆಯಲ್ಲಿ ಅದು ಭೀಕರವಾದೀತೆಂದು ಅದನ್ನು ಜೇಮ್ಸ್ ಥರ್ಬರ್‌ಗೆ ಒಪ್ಪಿಸಲಾಯಿತು. ಥರ್ಬರ್‌ನ ಗೆರೆಯ ಮನುಷ್ಯರಲ್ಲಿ ರಕ್ತವೇ ಇಲ್ಲ. ತಲೆಯನ್ನು ಮರಳಿ ಕೂರಿಸಿಬಿಡಬಹುದು ಎನಿಸುತ್ತದೆ. ಕಲ್ಪನೆ ಒಬ್ಬನದು, ರೇಖೆ ಇನ್ನೊಬ್ಬನದು. ರಸ ಬೀಭತ್ಸದಿಂದ ಹಾಸ್ಯಕ್ಕೆ ತಿರುಗಿದ್ದು ರೇಖೆಯ ದೌರ್ಬಲ್ಯದಿಂದ! ಇಂಥ ಕೃತಿಯನ್ನು ಯಾರ ಹೆಸರಿನಲ್ಲಿ ದಾಖಲಿಸಬೇಕು?

ಈ ನಗೆಯ ಸಹೃದಯನೂ ನಿರಪೇಕ್ಷನಲ್ಲ. ಯಜಮಾನ ಮತ್ತು ಕಾರ್ಯದರ್ಶಿನಿಯನ್ನು ಕುರಿತ ಅಸಂಖ್ಯ ಚಿತ್ರಗಳು ನಗರವಾಸಿ ಬಿಳಿಯ ಗಂಡಸಿನ ಸಮ್ಮತಿಯನ್ನು ಮೊದಲೇ ಪಡೆದುಕೊಂಡಿರುತ್ತವೆ. 1933ರಲ್ಲಿ ಆರಂಭವಾದ 'ಎಸ್ಕ್ವೈರ್' ಪತ್ರಿಕೆಗೆ ಮೊದಲಿನಿಂದಲೂ ಬರೆದ ಇ. ಸಿಮ್ಸ್ ಕ್ಯಾಂಪ್‌ಬೆಲ್ ಕರಿಯ ಜನಾಂಗದವನು. ಅಲ್ಲಿ ಅವನು ಚಿತ್ರಿಸಿದ್ದು ಬಹುಪಾಲು ಬಿಳಿಯರ ವಿಲಾಸಜೀವನವನ್ನು. ಈ ಅಂತರವನ್ನು ಅರಿಯದೆ ಅವನ ಚಿತ್ರಗಳ ಓದು ಪೂರ್ಣವಾಗದು.

ಇದು ಪತ್ರಿಕೋದ್ಯಮದವರ ವಿಷಯ, ಸಾಹಿತ್ಯ ವಿಭಾಗಕ್ಕೆ ಸಲ್ಲದು ಎಂಬ ಆಕ್ಷೇಪಣೆಯನ್ನು ನಾನು ಒಪ್ಪಲಾರೆ. 1942ರಲ್ಲಿ ರಾಶಿಯವರು ಆರಂಭಿಸಿದ, ಎಳೆಯ ಆರ್. ಕೆ. ಲಕ್ಷ್ಮಣರೂ ಚಿತ್ರ ಬರೆದ 'ಕೊರವಂಜಿ'ಯ ಸಂಪುಟಗಳು ನಮ್ಮ ಮುಂದಿವೆ. ಹಳೆಯ ಪತ್ರಿಕೆಗಳ ಲೇಖನಸೂಚಿಗಳನ್ನು ಸಿದ್ಧಪಡಿಸುವಾಗ ನಗೆಚಿತ್ರಗಳಿಗೂ ಪ್ರತ್ಯೇಕ ನಮೂದು ಇರಬೇಕು. ಚಿತ್ರ ಬರೆದವರ ಮತ್ತು ಸಾಲು ಬರೆದವರ ಹೆಸರುಗಳು ಬೇರೆಬೇರೆಯಾಗಿ ದಾಖಲಾಗಬೇಕು. ಎರಡನೆಯದು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಡುವುದು ಲೇಸು.