ತಂಪು ತಪ್ಪಿದ ಫ್ರಿಜ್: ಕಾರಣವರಿತು ನಡೆಯುವ ಬಗೆ

ಬೇಸಿಗೆಯ ಬಿಸಿಲು ಏರುತ್ತಲೇ ಅನೇಕ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ: "ಫ್ರಿಜ್ ಓಡುತ್ತಿದೆ, ಆದರೆ ತಣ್ಣಗಾಗುತ್ತಿಲ್ಲ." ಮುಂಜಾನೆ ತಂದ ಹಾಲು ಸಂಜೆಗೆ ಒಡೆಯುತ್ತದೆ; ಮರುದಿನಕ್ಕೆಂದು ರುಬ್ಬಿಟ್ಟ ದೋಸೆಹಿಟ್ಟು ಅಂದೇ ಉಕ್ಕಿ ಹುಳಿಯಾಗುತ್ತದೆ. ಕರೆಸಿದ ಮೆಕ್ಯಾನಿಕ್ ಬಾಗಿಲು ತೆರೆದು ನೋಡಿ, "ಗ್ಯಾಸ್ ಮುಗಿದಿದೆ, ತುಂಬಿಸಬೇಕು" ಎನ್ನುತ್ತಾರೆ. ಮನೆಯವರು ಹಣ ತೆತ್ತು ತುಂಬಿಸುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಗೋಳು. ಈ ವ್ಯರ್ಥ ವೆಚ್ಚವನ್ನೂ ಅದಕ್ಕಿಂತ ಮಿಗಿಲಾಗಿ ಕೆಟ್ಟ ಆಹಾರದಿಂದ ಒದಗುವ ಅನಾರೋಗ್ಯವನ್ನೂ ತಪ್ಪಿಸುವ ದಾರಿಯನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಮೊದಲು ತಿಳಿಯಬೇಕಾದುದು, ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ನಮ್ಮ ಹಿರಿಯರು ಮಣ್ಣಿನ ಹರವಿಯಲ್ಲಿ ನೀರು ತುಂಬಿಡುತ್ತಿದ್ದರಷ್ಟೆ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ಆ ನೀರು ತಣ್ಣಗಿರುತ್ತದೆ. ಫ್ರಿಜ್ಜಿನ ತತ್ತ್ವವೂ ಇದೇ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲನ್ ಎಂಬ ವಿದ್ವಾಂಸರು ಈಥರ್ ದ್ರವವನ್ನು ಆವಿಯಾಗಿಸಿ ಕೃತಕವಾಗಿ ತಂಪು ಪಡೆಯಬಹುದೆಂದು ತೋರಿಸಿದರು. 1834ರಲ್ಲಿ ಜೇಕಬ್ ಪರ್ಕಿನ್ಸ್ ಎಂಬವರು ಆವಿಯನ್ನು ಹೊರಬಿಡದೆ, ಒತ್ತಿ ಮರಳಿ ದ್ರವವಾಗಿಸಿ ಮತ್ತೆ ಮತ್ತೆ ಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಇಂದಿನ ಫ್ರಿಜ್ಜಿನಲ್ಲಿ ಒತ್ತುವ ಕೆಲಸ ಕಂಪ್ರೆಸರಿನದು. ಶಾಖವನ್ನು ಹೊರಗೆ ಚೆಲ್ಲುವ ಕೆಲಸ ಹಿಂಬದಿಯ ಕೊಳವೆ ಜಾಲದ್ದು.

ಹರವಿಯ ನೀರು ಆವಿಯಾಗಿ ಹೋಗುತ್ತದೆ, ಮತ್ತೆ ತುಂಬಬೇಕು. ಫ್ರಿಜ್ಜಿನ ಗ್ಯಾಸ್ ಹಾಗಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಒಲೆಯ ಸಿಲಿಂಡರಿನಂತೆ ಅದು ಬಳಸಿದಂತೆಲ್ಲ ಮುಗಿಯುವ ವಸ್ತುವಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಆದರೆ ತಂಪು ತಪ್ಪಿದಾಗಲೆಲ್ಲ ಗ್ಯಾಸ್ ಸೋರಿರುವುದೂ ಇಲ್ಲ. ತರ್ಕಶಾಸ್ತ್ರದಲ್ಲಿ ಪರಿಶೇಷ ಎಂಬ ಕ್ರಮವೊಂದುಂಟು: ಸಂಭವವಿರುವ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ಕಳೆದು, ಕೊನೆಗೆ ಉಳಿದುದನ್ನು ಹಿಡಿಯುವುದು. ಸುಲಭವಾದುದನ್ನು ಮೊದಲು, ಕಠಿಣವಾದುದನ್ನು ಕಡೆಗೆ ನೋಡುವುದು ಇಲ್ಲಿಯೂ ವಿವೇಕದ ಮಾರ್ಗ.

ಮೊದಲನೆಯದು ವಿದ್ಯುತ್ತು. ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುವುದೇ? ಹತ್ತದಿದ್ದರೆ ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣ ಹಚ್ಚಿ ನೋಡಿರಿ. ಪ್ಲಗ್, ಸ್ಟೆಬಿಲೈಸರ್, ಮೇನ್ ಬೋರ್ಡಿನ ಸ್ವಿಚ್ಚುಗಳನ್ನು ಪರೀಕ್ಷಿಸಿರಿ. ದೀಪ ಹತ್ತಿದರೆ ಥರ್ಮೋಸ್ಟ್ಯಾಟ್ ಗುಂಡಿಯನ್ನು ನೋಡಿರಿ. ಮಕ್ಕಳ ಕೈ ತಗಲಿ ಅಥವಾ ಒರೆಸುವಾಗ ಅದು ತಿರುಗಿರುವುದುಂಟು. ಹಿಂದಿನಿಂದ "ಗುಂಯ್" ಎಂದು ಸದ್ದಾಗಿ, ಕೆಲವೇ ಕ್ಷಣಗಳಲ್ಲಿ "ಟಕ್" ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಆಗುತ್ತಿದ್ದರೆ ಕಂಪ್ರೆಸರ್ ಚಾಲೂ ಆಗಲು ಹೆಣಗುತ್ತಿದೆಯೆಂದು ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದಾಗ ಹೀಗಾಗುವುದು ಸಾಮಾನ್ಯ. ವೋಲ್ಟೇಜ್ ಸರಿಯಿದ್ದರೂ ಹೀಗಾದರೆ ರಿಲೇ ಎಂಬ ಸಣ್ಣ ಭಾಗ ಕೆಟ್ಟಿರಬಹುದು. ಅದನ್ನು ಬದಲಿಸುವ ಖರ್ಚು ಕಂಪ್ರೆಸರ್ ಬದಲಿಸುವ ಖರ್ಚಿಗಿಂತ ಬಹಳ ಕಡಿಮೆ. ಒಮ್ಮೆ ಆರಿಸಿದ ಫ್ರಿಜ್ಜನ್ನು ಐದು ನಿಮಿಷವಾದರೂ ಬಿಟ್ಟು ಮತ್ತೆ ಹಚ್ಚುವುದು ಲೇಸು.

ಎರಡನೆಯದು ಶಾಖ ಹೊರಹೋಗುವ ದಾರಿ. ಹಿಂಬದಿಯ ಕೊಳವೆಗಳ ಮೇಲೆ ಧೂಳು, ಜೇಡರ ಬಲೆ ಕೂಡಿದರೆ ಶಾಖ ಹೋಗಲಾರದು. ಪ್ಲಗ್ ಕಿತ್ತಿಟ್ಟು ಮೃದುವಾದ ಬ್ರಷ್ಷಿನಿಂದ ಅವುಗಳನ್ನು ಸ್ವಚ್ಛಗೊಳಿಸಬೇಕು. ಫ್ರಿಜ್ಜನ್ನು ಗೋಡೆಗೆ ತೀರ ಒತ್ತಿ ನಿಲ್ಲಿಸಬಾರದು. ಒಲೆಯ ಮಗ್ಗುಲಲ್ಲಿಯೂ ಬಿಸಿಲು ಬೀಳುವ ಕಿಟಕಿಯ ಬಳಿಯೂ ಇಡಬಾರದು. ಹೊಸ ಮಾದರಿಗಳಲ್ಲಿ ಈ ಕೊಳವೆಗಳು ಪಕ್ಕದ ತಗಡಿನೊಳಗೆ ಅಡಗಿರುವುದುಂಟು. ಅಂಥವುಗಳ ಮಗ್ಗುಲು ಬೆಚ್ಚಗಿರುವುದು ದೋಷವಲ್ಲ, ಯಂತ್ರ ದುಡಿಯುತ್ತಿರುವ ಲಕ್ಷಣ.

ಮೂರನೆಯದು ಬಾಗಿಲಿನ ರಬ್ಬರು. ಒಂದು ಕಾಗದದ ಚೂರನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಆ ಜಾಗದಲ್ಲಿ ಹೊರಗಿನ ಬಿಸಿಗಾಳಿ ಒಳನುಗ್ಗುತ್ತಿದೆ. ಅನೇಕ ವೇಳೆ ಅಂಟಿದ ಜಿಡ್ಡೇ ಕಾರಣ. ಸಾಬೂನು ಬೆರೆಸಿದ ಉಗುರುಬೆಚ್ಚನೆಯ ನೀರಿನಿಂದ ಒರೆಸಿದರೆ ಸರಿಹೋಗುತ್ತದೆ. ಸೀಳಿದ್ದರೆ ರಬ್ಬರನ್ನೇ ಬದಲಿಸಬೇಕು.

ನಾಲ್ಕನೆಯದು ಹಿಮ. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಹಿಮ ದಪ್ಪವಾಗಿ ಕಟ್ಟಿದರೆ ಅದೇ ಕಂಬಳಿಯಂತಾಗಿ ತಂಪನ್ನು ತಡೆಯುತ್ತದೆ. ಡಿಫ್ರಾಸ್ಟ್ ಗುಂಡಿ ಒತ್ತಿ ಅದು ತಾನಾಗಿ ಕರಗುವವರೆಗೆ ಕಾಯಬೇಕು. ಚಾಕು, ಚಮಚಗಳಿಂದ ಕೆರೆಯುವುದು ಸರ್ವಥಾ ಸಲ್ಲದು. ಹಿಮದ ಹಿಂದೆಯೇ ಗ್ಯಾಸ್ ಹರಿಯುವ ತೆಳು ದಾರಿಯಿರುತ್ತದೆ, ಚಾಕುವಿನ ಒಂದು ತಿವಿತದಿಂದ ಅದು ತೂತಾಗುತ್ತದೆ. ಹಿಮ ಕಟ್ಟದ ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಮೇಲೆ ತಂಪಿದ್ದು ಕೆಳಗೆ ಬೆಚ್ಚಗಿದ್ದರೆ, ತಂಪುಗಾಳಿ ಕೆಳಗಿಳಿಯುವ ಕಂಡಿ ಪಾತ್ರೆಗಳಿಂದ ಮುಚ್ಚಿದೆಯೇ ಎಂದು ನೋಡಿರಿ. ಕಂಡಿ ತೆರೆದಿದ್ದರೂ ಹಾಗೆಯೇ ಇದ್ದರೆ ಒಳಗಿನ ಫ್ಯಾನ್ ಅಥವಾ ಹಿಮ ಕರಗಿಸುವ ಹೀಟರ್ ಕೆಟ್ಟಿರಬಹುದು. ಇದೂ ಗ್ಯಾಸಿನ ದೋಷವಲ್ಲ.

ಇವೆಲ್ಲವೂ ಸರಿಯಿದ್ದು, ಕಂಪ್ರೆಸರ್ ಎಡೆಬಿಡದೆ ಓಡುತ್ತಿದ್ದರೂ ಮೇಲೂ ಕೆಳಗೂ ತಂಪಿಲ್ಲದಿದ್ದರೆ ಆಗ ಗ್ಯಾಸ್ ಸೋರಿಕೆಯನ್ನು ಶಂಕಿಸಬೇಕು. ಮೆಕ್ಯಾನಿಕ್ ಬಂದಾಗ ಸಂಕೋಚವಿಲ್ಲದೆ ಎರಡು ಪ್ರಶ್ನೆ ಕೇಳಿರಿ: "ಎಲ್ಲಿ ಸೋರಿದೆ? ಯಾವ ಗ್ಯಾಸ್ ತುಂಬುವಿರಿ?" ಹಳೆಯ ಕಾಲದ ಆರ್-12 ಅನಿಲ ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಡಲಾಯಿತು. ಅನಂತರ ಆರ್-134ಎ ಬಂದಿತು. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಇದು ಹೊತ್ತಿಕೊಳ್ಳುವ ಅನಿಲ. ಯಾವುದು ಎಂಬುದು ಫ್ರಿಜ್ಜಿನ ಚೀಟಿಯ ಮೇಲೆ ಬರೆದಿರುತ್ತದೆ. ಅದನ್ನೇ ತುಂಬಬೇಕು, ಒಂದರ ಬದಲು ಇನ್ನೊಂದನ್ನಲ್ಲ. ಆರ್-600ಎ ಇರುವ ಫ್ರಿಜ್ಜಿನ ಕೊಳವೆಗೆ ಬೆಂಕಿಯ ಬೆಸುಗೆ ಹಾಕುವುದು ತರಬೇತಿಯಿಲ್ಲದವರ ಕೆಲಸವಲ್ಲ. ಅಂಥ ಫ್ರಿಜ್ಜಿಗೆ ಅಕಸ್ಮಾತ್ ತೂತು ಬಿದ್ದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಅಲ್ಲಿಯ ಯಾವ ಸ್ವಿಚ್ಚನ್ನೂ ಮುಟ್ಟದೆ ದೂರ ಸರಿಯಬೇಕು.

ದುರಸ್ತಿಯಾದ ತಾಸಿನಲ್ಲೇ ಫಲ ಅಪೇಕ್ಷಿಸಬೇಡಿರಿ. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವಿಟ್ಟು ಫ್ರಿಜ್ಜಿನ ನಡುವಣ ಅರೆಯಲ್ಲಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಯಂತ್ರ ಸರಿಯಿದೆ.

ಈ ನಡುವೆ ಒಳಗಿನ ಆಹಾರದ ಗತಿಯೇನು? ಬಾಗಿಲನ್ನು ಪದೇ ಪದೇ ತೆರೆಯದಿದ್ದರೆ ಕೆಳಗಿನ ಅರೆಗಳ ತಂಪು ಸುಮಾರು 4 ತಾಸು ನಿಲ್ಲುತ್ತದೆ. ಅನಂತರ ಹಾಲು, ಪಲ್ಯ, ಸಾರು, ಅನ್ನಗಳನ್ನು ನಂಬಬಾರದು. "ಮೂಸಿ ನೋಡಿದೆ, ವಾಸನೆಯಿಲ್ಲ, ಇನ್ನೊಮ್ಮೆ ಕುದಿಸಿದರಾಯಿತು" ಎನ್ನುವ ತಾಯಂದಿರಿಗೆ ಒಂದು ಮಾತು. ಬೇಯಿಸಿದ ಅನ್ನದಲ್ಲಿ ಬೇಯುವಿಕೆಗೂ ಸಾಯದೆ ಉಳಿಯುವ ಸೂಕ್ಷ್ಮಾಣುಗಳುಂಟು. ಬೆಚ್ಚಗಿನ ಜಾಗದಲ್ಲಿ ಅವು ಬೆಳೆದು ವಿಷವನ್ನು ಸ್ರವಿಸುತ್ತವೆ. ಆ ವಿಷ ಮತ್ತೆ ಕುದಿಸಿದರೂ ನಾಶವಾಗದು. ಅನ್ನವನ್ನು ಚೆಲ್ಲಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೆ ಎಳೆಯ ಮಕ್ಕಳಿಗೂ ವೃದ್ಧರಿಗೂ ಅದನ್ನು ಬಡಿಸುವುದು ಮಿತವ್ಯಯವಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇನ್ಸುಲಿನ್ನಿನ ವಿಚಾರ ಎಲ್ಲಕ್ಕಿಂತ ಮೊದಲು ಬರಬೇಕು. ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ ನಿಂತೊಡನೆ ಅವನ್ನು ನೆರೆಮನೆಯ ಫ್ರಿಜ್ಜಿಗೆ ಸಾಗಿಸಿರಿ. ಮಂಜುಗಡ್ಡೆಗೆ ತಾಗಿಸಿ ಇಡಬೇಡಿರಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ಬಾಟಲಿ ಬಹಳ ಹೊತ್ತು ಬಿಸಿಯಲ್ಲಿದ್ದುದಾದರೆ ವೈದ್ಯರನ್ನು ಕೇಳದೆ ಬಳಸಬಾರದು.

ಫ್ರಿಜ್ ಕೆಟ್ಟ ದಿನ ಆಹಾರ, ಔಷಧಗಳನ್ನು ಮೊದಲು ನೋಡಿಕೊಳ್ಳಿರಿ. ಅನಂತರ ವಿದ್ಯುತ್ತು, ಧೂಳು, ಬಾಗಿಲು, ಹಿಮ ಈ ನಾಲ್ಕನ್ನು ಕ್ರಮವಾಗಿ ಪರೀಕ್ಷಿಸಿರಿ. ಆಮೇಲೂ ತಂಪು ಮರಳದಿದ್ದರೆ ಮೆಕ್ಯಾನಿಕನ್ನು ಕರೆಸಿ, ಏನನ್ನು ನೋಡಿದಿರಿ, ಏನು ಕಂಡಿತು ಎಂಬುದನ್ನು ವಿವರವಾಗಿ ತಿಳಿಸಿರಿ. ಅದರಿಂದ ಅವರ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ.