ಸೊನ್ನೆ ಎಂದರೆ ‘ಏನೂ ಇಲ್ಲ’ ಎಂದಲ್ಲ

ಕುಟುಂಬ ಆರೋಗ್ಯ



ಎದೆಯಲ್ಲಿ ಗಂಟು ಇದೆಯೇನೋ ಎಂಬ ಅನುಮಾನದಿಂದ ಮ್ಯಾಮೋಗ್ರಾಂ ಮಾಡಿಸಿಕೊಂಡ ತಾಯಂದಿರ ಕೈಗೆ ಬರುವುದು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಅದರ ಕೊನೆಯಲ್ಲಿ ‘ಬೈರಾಡ್ಸ್’ ಎಂಬ ಪದ, ಪಕ್ಕದಲ್ಲಿ ಒಂದು ಅಂಕಿ. ಸೊನ್ನೆ ಕಂಡರೆ ‘ಏನೂ ಇಲ್ಲವಂತೆ’ ಎಂದು ಆ ಹಾಳೆ ಬೀರು ಸೇರುತ್ತದೆ. ನಾಲ್ಕು ಕಂಡರೆ ‘ನಾಲ್ಕನೇ ಹಂತದ ಕ್ಯಾನ್ಸರಂತೆ’ ಎಂದು ಮನೆಮಂದಿಯೆಲ್ಲ ಅಳುತ್ತಾರೆ. ಎರಡೂ ತಪ್ಪು. ಆ ಅಂಕಿಯನ್ನು ಹೇಗೆ ಓದಬೇಕೆಂದು ಈ ಸಂಚಿಕೆಯಲ್ಲಿ ತಿಳಿಯೋಣ.

ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯವರಾದ ನಮಗೆ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳುವುದು ಹೊಸದಲ್ಲ. ಪರೀಕ್ಷೆ ಹೊಸೂರಿನಲ್ಲಿ ಆದರೆ, ಚಿಕಿತ್ಸೆಗೆ ಅತ್ತಿಬೆಲೆ ದಾಟಿ ಬೆಂಗಳೂರಿನ ಕಿದ್ವಾಯಿಗೋ ಸೇಂಟ್ ಜಾನ್ಸ್‌ಗೋ ಹೋಗುವವರು ನಮ್ಮಲ್ಲಿ ಬಹಳ. ಇಲ್ಲಿಯವರು ಬರೆದದ್ದು ಅಲ್ಲಿಯವರಿಗೆ ಸರಿಯಾಗಿ ಅರ್ಥವಾಗಬೇಕಲ್ಲವೇ? ಒಬ್ಬ ವೈದ್ಯರು ‘ಸ್ವಲ್ಪ ಸಂದೇಹ’ ಎಂದು, ಇನ್ನೊಬ್ಬರು ‘ಗಮನಿಸಿ’ ಎಂದು ಬರೆದರೆ ಮುಂದೇನು ಮಾಡಬೇಕೆಂಬುದು ಯಾರಿಗೂ ಸ್ಪಷ್ಟವಾಗದು. ಈ ಗೊಂದಲ ನೀಗಿಸಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಎಂಬ ಸಂಸ್ಥೆ 1993ರಲ್ಲಿ ಎಲ್ಲರಿಗೂ ಒಂದೇ ಬಗೆಯ ವರದಿ ಪದ್ಧತಿಯನ್ನು ಪ್ರಕಟಿಸಿತು. ಅದೇ ಬೈರಾಡ್ಸ್. 2013ರಲ್ಲಿ ಅದರ ಐದನೆಯ ಆವೃತ್ತಿ ಬಂತು. ಮ್ಯಾಮೋಗ್ರಾಂ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಎಂ.ಆರ್.ಐ. ಮೂರಕ್ಕೂ ಇವೇ ಅಂಕಿಗಳು.

ಸೊನ್ನೆ: ಪರೀಕ್ಷೆ ಇನ್ನೂ ಪೂರ್ತಿಯಾಗಿಲ್ಲ. ಮತ್ತೊಂದು ಚಿತ್ರವೋ ಸ್ಕ್ಯಾನಿಂಗೋ ಬೇಕು, ಇಲ್ಲವೇ ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಬೇಕು.

ಒಂದು: ಚಿತ್ರದಲ್ಲಿ ದೋಷವೇನೂ ಕಾಣಲಿಲ್ಲ.

ಎರಡು: ಏನೋ ಕಂಡಿದೆ, ಆದರೆ ಅದು ಕ್ಯಾನ್ಸರ್ ಅಲ್ಲ. ನೀರುಗುಳ್ಳೆಯಂಥದ್ದು ಇರಬಹುದು.

ಮೂರು: ಬಹುತೇಕ ನಿರುಪದ್ರವಿ. ಕ್ಯಾನ್ಸರ್ ಆಗಿರುವ ಸಂಭವ ನೂರಕ್ಕೆ 2 ಅಥವಾ ಅದಕ್ಕಿಂತ ಕಡಿಮೆ. ಆದರೂ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ಚಿತ್ರ ತೆಗೆಸಬೇಕು.

ನಾಲ್ಕು: ಸಂದೇಹವಿದೆ, ಬಯಾಪ್ಸಿ ಮಾಡಿಸಬೇಕು. ಇದರಲ್ಲಿ ಎ, ಬಿ, ಸಿ ಎಂಬ ಮೂರು ಮೆಟ್ಟಿಲುಗಳಿವೆ. ‘ನಾಲ್ಕು ಎ’ ಎಂದರೆ ಸಂಭವ ನೂರಕ್ಕೆ 2ರಿಂದ 10. ‘ಬಿ’ ಎಂದರೆ 10ರಿಂದ 50. ‘ಸಿ’ ಎಂದರೆ 50ರಿಂದ 95.

ಐದು: ಸಂಭವ ನೂರಕ್ಕೆ 95 ಅಥವಾ ಹೆಚ್ಚು. ತಡಮಾಡದೆ ಬಯಾಪ್ಸಿ ಮಾಡಿಸಿ ಚಿಕಿತ್ಸೆಗೆ ಅಣಿಯಾಗಬೇಕು.

ಆರು: ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾಗಿರುವ ಕ್ಯಾನ್ಸರ್.

ಗಮನಿಸಿ, ಇವು ಕ್ಯಾನ್ಸರಿನ ಹಂತಗಳಲ್ಲ. ರೋಗ ಎಷ್ಟು ಹರಡಿದೆ ಎಂದು ಹೇಳುವ ‘ಸ್ಟೇಜ್’ ಲೆಕ್ಕವೇ ಬೇರೆ. ಬೈರಾಡ್ಸ್ ಅಂಕಿ ಹೇಳುವುದು ಸಂದೇಹ ಎಷ್ಟು, ಮುಂದಿನ ಹೆಜ್ಜೆ ಯಾವುದು ಎಂಬುದನ್ನು ಮಾತ್ರ. ‘ನಾಲ್ಕು ಎ’ ಬಂದ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಬಯಾಪ್ಸಿ ಇಲ್ಲದೆ ಅದು ಯಾರಿಗೆ ಇದೆ, ಯಾರಿಗೆ ಇಲ್ಲ ಎಂದು ತಿಳಿಯದು. ‘ಸೂಜಿ ಚುಚ್ಚಿದರೆ ರೋಗ ಹರಡುತ್ತದೆ’ ಎಂಬ ಮಾತಿಗೆ ಹೆದರಿ ಹಿಂಜರಿಯಬೇಡಿ. ಹಾನಿ ಮಾಡುವುದು ಸೂಜಿಯಲ್ಲ, ನಾವು ಮಾಡುವ ತಡ.

ನಿಜವಾಗಿ ಮೋಸ ಹೋಗುವುದು ಸೊನ್ನೆ ಮತ್ತು ಮೂರರಲ್ಲಿ. ನೋವಿಲ್ಲ, ಕೆಲಸ ನಿಂತಿಲ್ಲ. ರಾಗಿ ಕೊಯ್ಲು, ಮಗಳ ಮದುವೆ, ಊರ ಹಬ್ಬ ಎನ್ನುತ್ತಾ 6 ತಿಂಗಳು ಎರಡು ವರ್ಷವಾಗುತ್ತದೆ. ಆದ್ದರಿಂದ ಮೂರು ಬಂದರೆ ಅಂದೇ ಮನೆಯ ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಮಾಡಿ. ಸೊನ್ನೆ ಬಂದರೆ ಮುಂದಿನ ಪರೀಕ್ಷೆ ಯಾವುದು, ಎಂದು ಎಂಬುದನ್ನು ಕೇಳದೆ ಮನೆಗೆ ಮರಳಬೇಡಿ. ಹಳೆಯ ಫಿಲ್ಮು, ಸಿ.ಡಿ., ವರದಿ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಪ್ರತಿಸಲವೂ ಒಯ್ಯಿರಿ. ಇನ್ನೊಂದು ಮಾತು: ಕೈಗೆ ಗಂಟು ಸಿಗುತ್ತಿದ್ದರೆ, ವರದಿಯಲ್ಲಿ ‘ಒಂದು’ ಎಂದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಎದೆಯ ಅಂಗಾಂಶ ದಟ್ಟವಾಗಿದ್ದವರಲ್ಲಿ ಗಂಟು ಮ್ಯಾಮೋಗ್ರಾಂನಲ್ಲಿ ಮರೆಯಾಗಬಹುದು.

ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ 2021ರ ಆಗಸ್ಟ್ 5ರಂದು, ಮನೆಬಾಗಿಲಿಗೇ ಆರೋಗ್ಯಸೇವೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಬಿ.ಪಿ., ಸಕ್ಕರೆ ಕಾಯಿಲೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ನಮ್ಮ ಅಮ್ಮಂದಿರು ಎದೆಯ ಗಂಟಿನ ವಿಷಯಕ್ಕೆ ಮಾತ್ರ ನಾಚುತ್ತಾರೆ. ಆರೋಗ್ಯ ಕಾರ್ಯಕರ್ತೆಯ ಬಳಿಯಾಗಲಿ, ಸಿಸ್ಟರ್ ಬಳಿಯಾಗಲಿ ಧೈರ್ಯವಾಗಿ ಹೇಳಿ. ಗಂಡಂದಿರೇ, ಮಕ್ಕಳೇ, ಆ ಹಾಳೆಯನ್ನು ನೀವೂ ಓದಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಜನಸಂದಣಿಯನ್ನು ನುಗ್ಗಿಕೊಂಡು ಬಂದು ಪ್ರಭು ಯೇಸುವಿನ ಉಡುಪನ್ನು ಮುಟ್ಟಿದಳು. ಪ್ರಭು ಅವಳನ್ನು ಗದರಲಿಲ್ಲ, ‘ಮಗಳೇ’ ಎಂದು ಕರೆದರು. ಫೆಬ್ರವರಿ 5 ಸಂತ ಅಗಾಥಾರ ಹಬ್ಬ. ಸ್ತನದ ಕಾಯಿಲೆ ಇರುವವರ ಪಾಲಕಿ ಆಕೆ. ಅವರ ಬೇಡುವಿಕೆಯನ್ನು ಕೋರೋಣ. ಅದಕ್ಕೂ ಮೊದಲು, ಬೀರುವಿನಲ್ಲಿ ಅಂಥ ಹಾಳೆಯೊಂದು ಮಲಗಿದ್ದರೆ ಇಂದೇ ಹೊರತೆಗೆದು ಅಂಕಿ ನೋಡೋಣ.